ಎಚ್ಚರದ ಇಲಿಯ ಮೂತ್ರಕೋಶ: ಗೆರೆ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಇಲಿಗೆ ಅರಿವಳಿಕೆ ಕೊಡದೆ, ಅದು ಪಂಜರದಲ್ಲಿ ಓಡಾಡಿಕೊಂಡಿರುವಾಗಲೇ ಮೂತ್ರಕೋಶದ ಒತ್ತಡ ಅಳೆಯುವುದು ಕೇಳಲು ಸುಲಭದ ಕೆಲಸ. ಮೂತ್ರಕೋಶದ ನೆತ್ತಿಗೆ ತೆಳುವಾದ ನಳಿಕೆ ಕೂರಿಸಿ, ಚರ್ಮದಡಿಯಿಂದ ತಂದು ಹೆಗಲಿನ ಹತ್ತಿರ ಹೊರಗೆ ತೆಗೆದಿರುತ್ತೇವೆ. ಗಾಯ ಮಾಯಲು ಕೆಲವು ದಿನ ಬಿಡುತ್ತೇವೆ. ಆಮೇಲೆ ಆ ನಳಿಕೆಗೆ ಸಿರಿಂಜ್ ಪಂಪ್ ಜೋಡಿಸಿ ಸಲೈನ್ ಬಿಡುತ್ತೇವೆ. ಮಧ್ಯೆ ಒಂದು ತ್ರೀ-ವೇ, ಅಂದರೆ ಮೂರು ಬಾಯಿಯ ಸಣ್ಣ ನಲ್ಲಿ. ಅದರ ಪಕ್ಕದ ಕೈಗೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪ್ರೆಶರ್ ಟ್ರಾನ್ಸ್‌ಡ್ಯೂಸರ್. ಮೂತ್ರಕೋಶ ತುಂಬಿದ ಹಾಗೆ ಕಂಪ್ಯೂಟರಿನಲ್ಲಿ ಗೆರೆ ಏರುತ್ತದೆ, ಇಲಿ ಉಚ್ಚೆ ಹೊಯ್ದ ಮೇಲೆ ಇಳಿಯುತ್ತದೆ. ಇದಕ್ಕೆ ಸಿಸ್ಟೋಮೆಟ್ರಿ ಎನ್ನುತ್ತಾರೆ.

ಅರಿವಳಿಕೆ ಕೊಟ್ಟೇ ಮಾಡಿದರೆ ಆಗಲ್ವಾ ಅಂತ ಹೊಸಬರು ಕೇಳುತ್ತಾರೆ. ಐಸೋಫ್ಲುರೇನ್ ಅನ್ನುವ ಅರಿವಳಿಕೆ ಮೂತ್ರ ಹೊಯ್ಯುವ ಪ್ರತಿಕ್ರಿಯೆಯನ್ನೇ ಅಡಗಿಸುತ್ತದೆ. ಯುರಥೇನ್ ಅನ್ನುವ ಇನ್ನೊಂದರಲ್ಲಿ ಅದು ಉಳಿಯುತ್ತದೆ, ಆದರೆ ಅದನ್ನು ಕೊಟ್ಟ ಪ್ರಾಣಿಯನ್ನು ಮತ್ತೆ ಎಬ್ಬಿಸುವಂತಿಲ್ಲ. ಒಂದೇ ಇಲಿಯನ್ನು ವಾರಗಟ್ಟಲೆ ಗಮನಿಸಬೇಕು ಅಂದರೆ ಎಚ್ಚರದಲ್ಲೇ ಅಳೆಯಬೇಕು. ಎಚ್ಚರದ ಇಲಿ ಮೈ ಕೆರೆದುಕೊಳ್ಳುತ್ತದೆ, ಎದ್ದು ನಿಲ್ಲುತ್ತದೆ, ಹೆದರುತ್ತದೆ. ಎಲ್ಲವೂ ಗೆರೆಯಲ್ಲಿ ಬರುತ್ತದೆ. ಅದರ ಜೊತೆಗೆ ನಮ್ಮ ಪಂಪು, ನಳಿಕೆ, ಕರೆಂಟು ಇವುಗಳ ಕಿತಾಪತಿ ಬೇರೆ.

ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಈ ಸೆಟಪ್ ನಡೆಸುವಾಗ ದೋಷಗಳನ್ನು ಹುಡುಕುವ ಕ್ರಮ ಇಲ್ಲಿದೆ. ಸರ್ಜರಿ ಹೇಗೆ ಮಾಡಬೇಕು ಅನ್ನುವುದು ಇದರಲ್ಲಿಲ್ಲ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲಿಯನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ. ಮತ್ತೆ, ಒತ್ತಡದ ಗೆರೆ ಏನೇ ಹೇಳಲಿ, ಕೆಳಗೆ ಹನಿ ಬಿತ್ತಾ ಅಂತ ನೋಡದೆ ಅದನ್ನು ಮೂತ್ರ ಅಂತ ಎಣಿಸಬೇಡಿ.

ಸರಿಯಾದ ಗೆರೆ ಹೇಗಿರುತ್ತದೆ

ಪಂಪ್ ನಿಮಿಷಕ್ಕೆ 20 ಮೈಕ್ರೋಲೀಟರ್ ಬಿಡುತ್ತಿದೆ ಅಂದುಕೊಳ್ಳಿ. ತಳಗೆರೆ, ಅಂದರೆ ಒಮ್ಮೆ ಹೊಯ್ದ ಮೇಲೆ ಗೆರೆ ಇಳಿದು ನಿಲ್ಲುವ ಮಟ್ಟ, ಸುಮಾರು 5ರಿಂದ 10 ಸೆಂ.ಮೀ. ನೀರಿನ ಒತ್ತಡದಲ್ಲಿ ಇರುತ್ತದೆ. ಕೆಲವು ನಿಮಿಷ ಹೆಚ್ಚುಕಮ್ಮಿ ಸಪಾಟಾಗಿ ಹೋಗಿ, ಕೊನೆಗೆ ಸ್ವಲ್ಪ ಮೇಲೆದ್ದು, ಥಟ್ಟನೆ 25-40ರ ಆಸುಪಾಸಿಗೆ ಏರುತ್ತದೆ. ಅದೇ ಹೊತ್ತಿಗೆ ಇಲಿ ಮೂಲೆಗೆ ಹೋಗಿ, ಬೆನ್ನು ಸ್ವಲ್ಪ ಬಾಗಿಸಿ ಸುಮ್ಮನೆ ನಿಲ್ಲುತ್ತದೆ. ಪಂಜರದ ಜಾಲರಿ ತಳದ ಕೆಳಗೆ ಹನಿ ತೂಗಲು ಇಟ್ಟ ತಕ್ಕಡಿಯಲ್ಲಿ 0.1 ಗ್ರಾಂ ಅಥವಾ ಸ್ವಲ್ಪ ಜಾಸ್ತಿ ತೂಕ ಕಾಣುತ್ತದೆ. ಗೆರೆ ಮತ್ತೆ ತಳಕ್ಕೆ ಬರುತ್ತದೆ. ತಳಿ, ವಯಸ್ಸು, ಗಂಡು-ಹೆಣ್ಣು ನೋಡಿಕೊಂಡು ಈ ಅಂಕಿಗಳು ಬದಲಾಗುತ್ತವೆ. ಆದರೆ ಏರಿಕೆ, ಹನಿ, ಇಳಿಕೆ ಮೂರೂ ಒಟ್ಟಿಗೆ ಬರಬೇಕು.

ಇದರಲ್ಲೇ ಒಂದು ಒಳ್ಳೆಯ ಪರೀಕ್ಷೆ ಅಡಗಿದೆ. ಅರ್ಧ ಗಂಟೆಯಲ್ಲಿ ಪಂಪ್ 600 ಮೈಕ್ರೋಲೀಟರ್ ಒಳಗೆ ಬಿಟ್ಟಿದೆ. ಇಲಿಯ ಕಿಡ್ನಿ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಮೈಕ್ರೋಲೀಟರ್‌ನಷ್ಟು ಸೇರಿಸುತ್ತದೆ. ಯಾಕೆಂದರೆ ದಿನಕ್ಕೆ ಅದು ಹೊಯ್ಯುವುದೇ 1ರಿಂದ 2 ಮಿ.ಲೀ. ಹಾಗಾದರೆ ತಕ್ಕಡಿಯಲ್ಲಿ ಸುಮಾರು 0.6 ಗ್ರಾಂ ಕಾಣಬೇಕು, ಮೂತ್ರಕೋಶದಲ್ಲಿ ಉಳಿದ ಸ್ವಲ್ಪವನ್ನು ಬಿಟ್ಟು. 0.35 ಕಂಡರೆ ಉಳಿದ ನೀರು ಎಲ್ಲಿ ಹೋಯಿತು? ಮೂತ್ರಕೋಶದಲ್ಲೇ ನಿಂತಿರಬಹುದು, ಹೊಟ್ಟೆಯೊಳಗೆ ಸೋರಿರಬಹುದು, ತುಪ್ಪಳಕ್ಕೆ ಅಂಟಿರಬಹುದು, ಜಾಲರಿಗೆ ಹನಿ ಸಿಕ್ಕಿಕೊಂಡಿರಬಹುದು, ಪಂಪೇ ಸುಳ್ಳು ಹೇಳುತ್ತಿರಬಹುದು. ಪ್ರತಿ ರೆಕಾರ್ಡಿಂಗ್ ಮುಗಿದ ಕೂಡಲೇ ಈ ಲೆಕ್ಕ ಹಾಕಿ. ತಾಳೆಯಾಗದಿದ್ದರೆ ಆ ದಿನದ ಗೆರೆ ಎಷ್ಟೇ ಚಂದ ಇದ್ದರೂ ಅನುಮಾನದಿಂದಲೇ ನೋಡಿ.

ಮೊದಲು ಇಲಿ ಇಲ್ಲದೆ ನಡೆಸಿ

ದೋಷ ಕಂಡಾಗ ಇಲಿಯನ್ನು ಬಿಚ್ಚಿ ಅದರ ಪಂಜರಕ್ಕೆ ಕಳಿಸಿ. ನಳಿಕೆಯ ತುದಿಯನ್ನು ಒಂದು ಬೀಕರ್ ನೀರಿಗೆ ಇಳಿಬಿಡಿ. ನೀರಿನ ಮಟ್ಟ ಇಲಿಯ ಹೊಟ್ಟೆ ಇದ್ದ ಎತ್ತರದಲ್ಲೇ ಇರಲಿ. ಈಗಲೂ ದೋಷ ಹಾಗೇ ಇದ್ದರೆ ಅದು ಇಲಿಯದಲ್ಲ. ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ.

ಒತ್ತಡದ ಅಳತೆ ಪರೀಕ್ಷಿಸಲು ದುಬಾರಿ ಸಾಧನ ಬೇಡ. ಒಂದು ಸ್ಕೇಲ್ ಸಾಕು. ಪಂಪ್ ನಿಲ್ಲಿಸಿ. ನೀರು ತುಂಬಿದ ನಳಿಕೆಯ ತೆರೆದ ತುದಿಯನ್ನು ಟ್ರಾನ್ಸ್‌ಡ್ಯೂಸರ್ ಮಟ್ಟದಲ್ಲಿ ಹಿಡಿದರೆ 0 ತೋರಿಸಬೇಕು. 30 ಸೆಂ.ಮೀ. ಮೇಲೆ ಹಿಡಿದರೆ 30. ಅಲ್ಲಿ 22 ಬಂದರೆ ಗಾಬರಿಯಾಗಬೇಡಿ. ಸಾಫ್ಟ್‌ವೇರ್ ಪಾದರಸದ ಮಿ.ಮೀ. ಲೆಕ್ಕದಲ್ಲಿದೆ ಅಷ್ಟೇ. 1 ಮಿ.ಮೀ. ಪಾದರಸ ಅಂದರೆ 1.36 ಸೆಂ.ಮೀ. ನೀರು. ಇಬ್ಬರು ಬೇರೆ ಬೇರೆ ದಿನ ಅಳೆದು, ಒಬ್ಬರು ಇದರಲ್ಲಿ ಇನ್ನೊಬ್ಬರು ಅದರಲ್ಲಿ ಬರೆದಿಟ್ಟರೆ, ಔಷಧಿಯೇ ಕೆಲಸ ಮಾಡಿತು ಅಂತ ಸಂತೋಷಪಡುವ ಹಾಗಾಗುತ್ತದೆ.

ಪಂಪಿಗೂ ಒಂದು ಪರೀಕ್ಷೆ. 10 ನಿಮಿಷ ಓಡಿಸಿ, ಹೊರಬಂದದ್ದನ್ನು ತೂಗಿ. 20ರ ವೇಗಕ್ಕೆ 0.2 ಗ್ರಾಂ ಬರಬೇಕು. ಬರದಿದ್ದರೆ ಸಿರಿಂಜಿನ ವ್ಯಾಸ ತಪ್ಪು ಹಾಕಿದ್ದಾರಾ ನೋಡಿ. ಪಂಪಿಗೆ ತಾನು ಎಷ್ಟು ದಪ್ಪದ ಸಿರಿಂಜ್ ತಳ್ಳುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ, ನಾವು ಹೇಳಿದ್ದನ್ನು ನಂಬುತ್ತದೆ. ವ್ಯಾಸ ಎರಡರಷ್ಟು ತಪ್ಪಾದರೆ ಹರಿವು ನಾಲ್ಕರಷ್ಟು ತಪ್ಪಾಗುತ್ತದೆ. ಬೇರೆ ಕಂಪನಿಯ ಸಿರಿಂಜ್ ತಂದ ದಿನ ಈ ತೊಂದರೆ ಜಾಸ್ತಿ.

ತಳಗೆರೆ ಎತ್ತರದಲ್ಲೇ ನಿಂತಿದೆ

ಇಲಿ ಆರಾಮಾಗಿದೆ, ಹೊಯ್ಯುತ್ತಿದೆ, ಆದರೆ ತಳಗೆರೆ 15ರ ಕೆಳಗೆ ಇಳಿಯುತ್ತಲೇ ಇಲ್ಲ. ಎಲ್ಲರೂ ಮೊದಲು ಹೇಳುವುದು "ಮೂತ್ರಕೋಶ ಬಿಗಿಯಾಗಿದೆ" ಅಂತ. ಅದನ್ನು ಬರೆದುಕೊಳ್ಳುವ ಮೊದಲು ಅರ್ಧ ನಿಮಿಷ ಪಂಪ್ ನಿಲ್ಲಿಸಿ. ಗೆರೆ ಥಟ್ಟನೆ ಒಂದು ಮೆಟ್ಟಿಲು ಕೆಳಗೆ ಬಿದ್ದರೆ, ಬಿದ್ದಷ್ಟು ಒತ್ತಡ ಮೂತ್ರಕೋಶದ್ದಲ್ಲ. ಅದು ನಳಿಕೆಯದು.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈಪ್ ಸಣ್ಣದಾಗಿ ಉದ್ದ ಹೋದಷ್ಟೂ ಮೋಟರ್ ಹತ್ತಿರ ಒತ್ತಡ ಏರುತ್ತದೆ, ತುದಿಯಲ್ಲಿ ನೀರು ಸೊರಗುತ್ತದೆ. ನಮ್ಮ ಟ್ರಾನ್ಸ್‌ಡ್ಯೂಸರ್ ಕೂತಿರುವುದು ಪಂಪಿನ ಕಡೆಗೆ, ಇಲಿಯ ಕಡೆಗಲ್ಲ. ಪಿಇ-10 ಅನ್ನುವ ನಳಿಕೆಯ ಒಳವ್ಯಾಸ 0.28 ಮಿ.ಮೀ. ಅದರ 30 ಸೆಂ.ಮೀ. ತುಂಡಿನಲ್ಲಿ ನಿಮಿಷಕ್ಕೆ 20 ಮೈಕ್ರೋಲೀಟರ್ ಹರಿಸಿದರೆ, ಬರೀ ನಳಿಕೆಯ ಅಡ್ಡಿಗೇ ಸುಮಾರು 7 ಸೆಂ.ಮೀ. ನೀರಿನ ಒತ್ತಡ ಬೇಕು. ಇಲಿಯ ನಿಜವಾದ ತಳದ ಒತ್ತಡವೇ ಅಷ್ಟಿರುತ್ತದೆ. ವೇಗ ಎರಡು ಪಟ್ಟು ಮಾಡಿದರೆ ಇದು 14 ಆಗುತ್ತದೆ. ನಳಿಕೆ ಎರಡು ಪಟ್ಟು ಉದ್ದ ಮಾಡಿದರೂ 14. ಅದೇ ಪಿಇ-50 ನಳಿಕೆ ಹಾಕಿದರೆ, ಒಳವ್ಯಾಸ 0.58 ಮಿ.ಮೀ., ಅರ್ಧ ಸೆಂ.ಮೀ. ಕೂಡ ಬರುವುದಿಲ್ಲ. ಒಳವ್ಯಾಸ ಅರ್ಧವಾದರೆ ಅಡ್ಡಿ 16 ಪಟ್ಟು ಏರುತ್ತದೆ ಅನ್ನುವುದು ಇಲ್ಲಿನ ಸೂತ್ರ.

ಹಾಗಾಗಿ ಇಲಿಯೊಳಗಿನ ಭಾಗ ಮಾತ್ರ ತೆಳುವಾಗಿರಲಿ. ಹೊರಗಿನದ್ದು ದಪ್ಪ ಮತ್ತು ಗಟ್ಟಿ ಇರಲಿ. ಪಂಪ್ ನಿಲ್ಲಿಸಿದಾಗ ಬಿದ್ದ ಮೆಟ್ಟಿಲಿನ ಅಳತೆಯನ್ನು ಆ ದಿನದ ಹಾಳೆಯಲ್ಲಿ ಬರೆದಿಟ್ಟು ಎಲ್ಲ ಅಂಕಿಗಳಿಂದ ಕಳೆಯಿರಿ. ಈ ಮೆಟ್ಟಿಲು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ನಳಿಕೆ ಒಳಗೆ ಕಟ್ಟಿಕೊಳ್ಳುತ್ತಿದೆ ಅಂತ ಅರ್ಥ. ನನ್ನ ಮಟ್ಟಿಗೆ ಇಡೀ ಸೆಟಪ್‌ನಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ.

ಪಂಪ್ ನಿಲ್ಲಿಸಿದರೂ ಗೆರೆ ಬೀಳದಿದ್ದರೆ ಎತ್ತರ ನೋಡಿ. ಇಲಿಯ ಪಂಜರ ಟ್ರಾನ್ಸ್‌ಡ್ಯೂಸರ್‌ಗಿಂತ 6 ಸೆಂ.ಮೀ. ಮೇಲಿದ್ದರೆ ಗೆರೆಯೂ 6 ಮೇಲಿರುತ್ತದೆ. ಪಂಜರ ತೊಳೆದು ಮತ್ತೆ ಇಡುವಾಗ ಕೆಳಗೆ ಒಂದು ಟ್ರೇ ಜಾಸ್ತಿ ಸೇರಿಕೊಂಡರೂ ಸಾಕು.

ಏರುತ್ತಲೇ ಇದೆ, ಹನಿ ಇಲ್ಲ

ಇದು ಹೆದರಬೇಕಾದ ಗೆರೆ. ನಾವು 60 ಸೆಂ.ಮೀ. ಮುಟ್ಟಿದರೆ ಪ್ರಶ್ನೆ ಕೇಳದೆ ಪಂಪ್ ನಿಲ್ಲಿಸುತ್ತೇವೆ. ಕಾರಣ ಆಮೇಲೆ ಹುಡುಕೋಣ.

ಎರಡು ಸಾಧ್ಯತೆ. ಒಂದೋ ನಳಿಕೆ ಕಟ್ಟಿದೆ, ಇಲ್ಲವೋ ಇಲಿಗೆ ನಿಜವಾಗಿ ಹೊಯ್ಯಲು ಆಗುತ್ತಿಲ್ಲ. ಬೇರೆ ಮಾಡಿ ನೋಡುವುದು ಹೇಗೆ? ಏರಿದ ವೇಗ ನೋಡಿ. ಪೂರ್ತಿ ಕಟ್ಟಿದ ಗಟ್ಟಿ ನಳಿಕೆಯಲ್ಲಿ ಒತ್ತಡ ಸೆಕೆಂಡುಗಳಲ್ಲಿ ಮೇಲೆ ಹೋಗುತ್ತದೆ, ಯಾಕೆಂದರೆ ಸಲೈನ್‌ಗೆ ಹಿಗ್ಗಲು ಜಾಗವೇ ಇಲ್ಲ. ಮೂತ್ರಕೋಶ ಹಿಗ್ಗುತ್ತದೆ, ಅದು ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ. ಇನ್ನೂ ಒಳ್ಳೆಯ ಗುರುತು ಅಂದರೆ ಇಲಿಯ ಚಲನೆ. ಮೂತ್ರಕೋಶದ ಜೊತೆ ಸಂಪರ್ಕ ಇದ್ದರೆ ಅದು ಮೈ ಕೆರೆದುಕೊಂಡಾಗ, ಎದ್ದು ನಿಂತಾಗ ಗೆರೆಯಲ್ಲಿ ಚೂಪಾದ ಸಣ್ಣ ಮುಳ್ಳುಗಳು ಏಳಬೇಕು. ಇಲಿ ಪಂಜರ ಎಲ್ಲ ಸುತ್ತುತ್ತಿದೆ, ಗೆರೆ ಮಾತ್ರ ಸ್ಕೇಲಿನಲ್ಲಿ ಎಳೆದ ಹಾಗೆ ನುಣ್ಣಗೆ ಏರುತ್ತಿದೆ ಅಂದರೆ ನಳಿಕೆ ಕಟ್ಟಿದೆ. ಮುಳ್ಳುಗಳನ್ನು ಕಂಡು ಬೈಯುವವರೇ ಜಾಸ್ತಿ. ನನಗಂತೂ ಅವು ಕಂಡರೆ ಸಮಾಧಾನ.

ಕಟ್ಟಿದ್ದರೆ ಹೊರಗಿನಿಂದ ಒಳಗೆ ಬನ್ನಿ. ಸ್ವಿವೆಲ್ (ಇಲಿ ಸುತ್ತಿದಂತೆ ನಳಿಕೆಯನ್ನು ತಿರುಗಲು ಬಿಡುವ ಕೀಲು) ಹತ್ತಿರ ತಿರುಚಿಕೊಂಡಿದೆಯಾ, ಕುತ್ತಿಗೆಯ ಬಳಿ ಮಡಿಚಿದೆಯಾ, ಇಲಿ ಕಚ್ಚಿದೆಯಾ ನೋಡಿ. ಎಲ್ಲ ಸರಿಯಿದ್ದರೆ 20-30 ಮೈಕ್ರೋಲೀಟರ್ ಸಲೈನ್ ಮೆಲ್ಲಗೆ ತಳ್ಳಿ ನೋಡಿ. ಒಳಗೆ ರಕ್ತದ ಹೆಪ್ಪೋ ಲೋಳೆಯೋ ಇದ್ದರೆ ಕೆಲವೊಮ್ಮೆ ಬಿಡುತ್ತದೆ. ಬಿಡದಿದ್ದರೆ ಜೋರು ಮಾಡಬೇಡಿ. ಇಡೀ ಮೂತ್ರಕೋಶ ಹಿಡಿಯುವುದೇ 100-200 ಮೈಕ್ರೋಲೀಟರ್. 1 ಮಿ.ಲೀ. ಸಿರಿಂಜ್ ಕೈಯಲ್ಲಿ ಹಿಡಿದವರಿಗೆ ಆ ಅಂದಾಜು ಸಿಗುವುದಿಲ್ಲ, ಅಷ್ಟರಲ್ಲಿ ಹೊಲಿಗೆ ಬಿಟ್ಟುಕೊಂಡಿರುತ್ತದೆ. ಇಂಥ ಫ್ಲಶ್ ಮಾಡುವುದನ್ನೂ ಪ್ರಾಣಿ ನೈತಿಕ ಸಮಿತಿಗೆ ಕೊಟ್ಟ ಪ್ರೋಟೋಕಾಲ್‌ನಲ್ಲೇ ಬರೆದಿರಿ. ದೋಷ ಹುಡುಕುವ ನೆಪದಲ್ಲಿ ಒಪ್ಪಿಗೆ ಇಲ್ಲದ್ದನ್ನು ಇಲಿಗೆ ಮಾಡುವಂತಿಲ್ಲ. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿಯಾದ ಸಿಸಿಎಸ್‌ಇಎ ನಿಯಮ ರಿಪೇರಿಗೂ ಅನ್ವಯಿಸುತ್ತದೆ.

ಗೆರೆ ಸಪಾಟು, ಹನಿ ಮಾತ್ರ ಬೀಳುತ್ತಿದೆ

ನಮ್ಮ ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಹೊಸನಗರದ ಕಡೆಯವರು. ಪಂಜರದ ಪಕ್ಕ ನಿಂತು ಒಮ್ಮೆ ಹೇಳಿದರು: "ಮೇಡಂ, ಅದು ಆಗಲೇ ಹೊಯ್ದಾಯ್ತು. ನಿಮ್ಮ ಕಂಪ್ಯೂಟರ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ." ಗೆರೆ ಸೋಮಾರಿಯಂತೆ ಒಂದು ಗುಡ್ಡ ಹತ್ತಿ ಇಳಿದಿತ್ತು. 35 ಇರಬೇಕಾದ ಶಿಖರ 14 ಇತ್ತು. ಅವರು ಹೇಳಿದ್ದೇ ಸರಿ. ಸುದ್ದಿ ದಾರಿಯಲ್ಲಿ ಗಾಳಿಯ ಗುಳ್ಳೆಯೊಳಗೆ ಸಿಕ್ಕಿಕೊಂಡಿತ್ತು.

ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೂತ್ರಕೋಶ ಒತ್ತಿದ ಒತ್ತಡ ಟ್ರಾನ್ಸ್‌ಡ್ಯೂಸರ್ ಮುಟ್ಟುವ ಮೊದಲು ಗುಳ್ಳೆಯನ್ನು ಕುಗ್ಗಿಸಬೇಕು. ಅದಕ್ಕೆ ಬೇಕಾದ ನೀರು ತೆಳು ನಳಿಕೆಯೊಳಗಿಂದ ಬರಬೇಕು. ಮೇಲೆ ಹೇಳಿದ 30 ಸೆಂ.ಮೀ. ಪಿಇ-10ನಲ್ಲಿ 10 ಮೈಕ್ರೋಲೀಟರ್ ಗುಳ್ಳೆ ಇದ್ದರೆ ತಡವಾಗುವುದು ಸೆಕೆಂಡಿನ ಐದನೇ ಒಂದು ಭಾಗ. ಅದನ್ನು ಸಹಿಸಬಹುದು. 100 ಮೈಕ್ರೋಲೀಟರ್ ಗಾಳಿ ಇದ್ದರೆ ಎರಡು ಸೆಕೆಂಡ್. ಸಿರಿಂಜಿನ ತಲೆಯಲ್ಲಿ ಉಳಿದ ಗಾಳಿಯೂ, ಮೆತ್ತಗಿನ ಸಿಲಿಕೋನ್ ನಳಿಕೆಯೂ ಇದೇ ಕೆಲಸ ಮಾಡುತ್ತವೆ. ಇಲಿಯ ಒತ್ತಡ ಶಿಖರ ಮುಟ್ಟಿ ಇಳಿಯುವುದು ಬೇಗ ಮುಗಿಯುತ್ತದೆ. ಹಾಗಾಗಿ ಶಿಖರವೇ ತಿಂದುಹೋಗುತ್ತದೆ.

ಪರೀಕ್ಷೆ ಹೀಗೆ. ನಳಿಕೆಯ ತುದಿಯನ್ನು ಬೀಕರ್ ಸಮೇತ ಥಟ್ಟನೆ 20 ಸೆಂ.ಮೀ. ಎತ್ತಿ. ಗೆರೆ ಗೋಡೆ ಹತ್ತಿದ ಹಾಗೆ ನೇರ ಏರಿದರೆ ಸರಿ. ಇಳಿಜಾರಾಗಿ ಏರಿದರೆ ಎಲ್ಲೋ ಗಾಳಿ ಇದೆ. ಹುಡುಕಲು ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿಯಿರಿ. ತ್ರೀ-ವೇಯ ತಿರುಪಿನ ಒಳಮೂಲೆ, ಲ್ಯೂಯರ್ ಜೋಡಣೆಯ (ಸಿರಿಂಜ್ ತುದಿ ಕೂರುವ ಜಾಗ) ಬಾಯಿ, ಟ್ರಾನ್ಸ್‌ಡ್ಯೂಸರ್ ಗುಮ್ಮಟದ ಅಂಚು, ಈ ಮೂರು ಕಡೆ ಅಂಟಿಕೊಂಡಿರುತ್ತದೆ. ಬಿಳಿ ಪ್ಲಾಸ್ಟಿಕ್ ತ್ರೀ-ವೇ ಆದರೆ ಕಾಣುವುದೇ ಇಲ್ಲ. ಪಾರದರ್ಶಕದ್ದನ್ನೇ ತರಿಸಿ. ಬೆರಳ ತುದಿಯಿಂದ ತಟ್ಟುತ್ತಾ ಸಲೈನ್ ಬಿಟ್ಟರೆ ಗುಳ್ಳೆ ಮೊದಲು ನಡುಗುತ್ತದೆ, ಆಮೇಲೆ ಉದ್ದವಾಗಿ ಎಳೆದುಕೊಂಡು ಬಿಟ್ಟುಹೋಗುತ್ತದೆ. ಇದನ್ನು ಇಲಿಯ ಕಡೆಗೆ ಕಳಿಸದೆ ಪಕ್ಕದ ಬಾಯಿಯಿಂದ ಹೊರಹಾಕಿ.

ಗುಳ್ಳೆ ಎಲ್ಲಿಂದ ಬಂತು? ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಇದು ಹೆಚ್ಚು. ತಣ್ಣನೆ ಸಲೈನ್‌ನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಅದನ್ನು ಸಿರಿಂಜಿಗೆ ಎಳೆದು, ಹೀಟರ್ ಹಾಕಿದ ಕೋಣೆಯಲ್ಲಿ ಇಟ್ಟರೆ ಬೆಚ್ಚಗಾಗುತ್ತಾ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಬೆಳಿಗ್ಗೆ ಇಲ್ಲದ ಗುಳ್ಳೆ ಹನ್ನೊಂದು ಗಂಟೆಗೆ ಹುಟ್ಟಿರುತ್ತದೆ. ಫ್ರಿಜ್‌ನಿಂದ ನೇರ ತಂದ ಬಾಟಲಿಯಂತೂ ಬೇಡವೇ ಬೇಡ. ಹಿಂದಿನ ಸಂಜೆಯೇ ಬಾಟಲಿಯನ್ನು ರೆಕಾರ್ಡಿಂಗ್ ಕೋಣೆಗೆ ತಂದಿಡಿ.

ಗಾಳಿ ಇಲ್ಲ, ಆದರೂ ಸಪಾಟು ಅಂದರೆ ತ್ರೀ-ವೇಯ ಹಿಡಿ ಯಾವ ಕಡೆ ತಿರುಗಿದೆ ನೋಡಿ. ಅದೂ ಸರಿಯಿದ್ದರೆ ಸೋರಿಕೆ. ಇಲಿಯ ಹೊಟ್ಟೆಯ ತುಪ್ಪಳ ಸದಾ ಒದ್ದೆ, ಒಂದೊಂದೇ ಹನಿ ತೊಟ್ಟಿಕ್ಕುತ್ತದೆ, ಒತ್ತಡ ಎಂದೂ ಏರುವುದಿಲ್ಲ. ಹೊಲಿಗೆ ಬಿಟ್ಟಿದೆ. ಆ ಇಲಿಯಿಂದ ಇನ್ನು ಅಂಕಿ ಸಿಗದು. ಪಶುವೈದ್ಯರಿಗೆ ತೋರಿಸಿ.

ನಿಧಾನವಾಗಿ ಬರುವ ಸಣ್ಣ ಅಲೆಗಳು

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವುದು ಇಲ್ಲಿ. ತುಂಬುವ ಹೊತ್ತಿನಲ್ಲಿ, ಹನಿ ಬೀಳದೆ, ಸಣ್ಣ ಸಣ್ಣ ಅಲೆಗಳು ಏಳುತ್ತವೆ. ಪೇಪರ್‌ಗಳಲ್ಲಿ ಇವಕ್ಕೆ ಮೂತ್ರವಿಲ್ಲದ ಸಂಕುಚನ ಅಂತ ಎಣಿಕೆ ಮಾಡಿರುತ್ತಾರೆ, ಮೂತ್ರಕೋಶ ಚುರುಕಾಗಿದೆ ಅನ್ನುವುದಕ್ಕೆ ಸಾಕ್ಷಿ ಅಂತ ತೋರಿಸುತ್ತಾರೆ. ನಿಜವಾದವೂ ಇರುತ್ತವೆ. ಆದರೆ ಅದೇ ವೇಷದಲ್ಲಿ ಇನ್ನೂ ಮೂವರು ಬರುತ್ತಾರೆ.

ಮೊದಲನೆಯದು ಚಲನೆ. ಇದು ಸುಲಭ, ಚೂಪಾಗಿ ಎದ್ದು ಸೆಕೆಂಡಿನೊಳಗೆ ಇಳಿಯುತ್ತದೆ. ವೆಬ್‌ಕ್ಯಾಮ್ ವಿಡಿಯೋ ಜೊತೆಗಿಟ್ಟುಕೊಂಡರೆ ಅನುಮಾನ ಉಳಿಯುವುದಿಲ್ಲ.

ಎರಡನೆಯದು ಪಂಪ್. ಅದರ ಮೋಟರ್ ಮೆಟ್ಟಿಲು ಮೆಟ್ಟಿಲಾಗಿ ತಳ್ಳುತ್ತದೆ. ದೊಡ್ಡ ಸಿರಿಂಜ್‌ನಲ್ಲಿ ನಿಧಾನ ವೇಗ ಇಟ್ಟರೆ ಪ್ರತಿ ತಳ್ಳೂ ಅಲೆಯಾಗಿ ಕಾಣುತ್ತದೆ. ರಬ್ಬರ್ ಪಿಸ್ಟನ್ ಅಂಟಿ ಅಂಟಿ ಜಾರಿದರೂ ಹೀಗೇ. ವೇಗ ಅರ್ಧ ಮಾಡಿ. ಅಲೆಗಳ ನಡುವಿನ ಅಂತರ ಸರಿಯಾಗಿ ಎರಡು ಪಟ್ಟಾದರೆ ಅದು ಪಂಪಿನದು. ಸಣ್ಣ ಸಿರಿಂಜ್ ಹಾಕಿದರೆ ಮುಗಿಯಿತು.

ಮೂರನೆಯದು ಕರೆಂಟು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಲೈನಿನ ಕರೆಂಟ್ ಸೆಕೆಂಡಿಗೆ 50 ಸಲ ತಿರುಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಗದ್ದಲ ಟ್ರಾನ್ಸ್‌ಡ್ಯೂಸರ್ ವೈರಿನಲ್ಲೂ ಸೇರುತ್ತದೆ. ಅಷ್ಟು ವೇಗದ ಗದ್ದಲ ಅಲೆಯಂತೆ ಯಾಕೆ ಕಾಣಬೇಕು ಅಲ್ವಾ? ಕಾರಣ ನಾವು ಅಳೆಯುವ ವೇಗ. ಫೈಲ್ ಚಿಕ್ಕದಾಗಲಿ ಅಂತ ಸೆಕೆಂಡಿಗೆ 10 ಸಲ ಮಾತ್ರ ಒತ್ತಡ ದಾಖಲಿಸುವವರಿದ್ದಾರೆ. ಗ್ರಿಡ್ ಸರಿಯಾಗಿ 50 ಇರುವುದು ಅಪರೂಪ. 49.90ರಿಂದ 50.05ರ ನಡುವೆ ಆಡಿಕೊಂಡಿರಲು ಅದಕ್ಕೆ ಅನುಮತಿ ಇದೆ. 49.9ರಲ್ಲಿ ಇದ್ದಾಗ ಸೆಕೆಂಡಿಗೆ 10 ಸಲ ಅಳೆದರೆ, ಪ್ರತಿ ಸಲವೂ ನಾವು ಆ ಗದ್ದಲದ ಸ್ವಲ್ಪ ಬೇರೆ ಜಾಗವನ್ನು ಹಿಡಿಯುತ್ತೇವೆ. ಎಲ್ಲ ಸೇರಿ ಪರದೆಯ ಮೇಲೆ 10 ಸೆಕೆಂಡಿಗೆ ಒಂದು ನುಣುಪಾದ ಅಲೆ ಮೂಡುತ್ತದೆ. ಗ್ರಿಡ್ ಸ್ವಲ್ಪ ಆಡಿದರೆ ಅಲೆಯ ಉದ್ದವೂ ಆಡುತ್ತದೆ. ಯಂತ್ರದ್ದಾದರೆ ಒಂದೇ ಸಮ ಇರಬೇಕಿತ್ತು, ಇದು ಜೀವದ್ದೇ ಇರಬೇಕು ಅಂತ ಅನ್ನಿಸುವುದು ಅದಕ್ಕೇ.

ಹಿಡಿಯುವ ದಾರಿ ಎರಡು. ಸೆಕೆಂಡಿಗೆ 200 ಅಥವಾ ಅದಕ್ಕಿಂತ ಜಾಸ್ತಿ ಸಲ ದಾಖಲಿಸಿ. ಆಗ ಅಲೆ ಮಾಯವಾಗಿ ದಪ್ಪನೆಯ ಗೆರೆ ಕಾಣಿಸಿದರೆ ಅಪರಾಧಿ ಕರೆಂಟೇ. ಎರಡನೆಯದನ್ನು ಮಲೆನಾಡಿನ ಮಳೆಗಾಲ ಬಿಟ್ಟಿ ಕೊಡುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಯುಪಿಎಸ್‌ಗೆ ಬದಲಾದ ಕ್ಷಣವನ್ನು ಗೆರೆಯಲ್ಲಿ ಗುರುತು ಹಾಕಿ. ಆ ಕ್ಷಣದಿಂದಲೇ ಅಲೆಯ ಉದ್ದ ಬದಲಾದರೆ ಅದು ಇಲಿಯದಲ್ಲ, ಯಾಕೆಂದರೆ ಕರೆಂಟ್ ಹೋದದ್ದು ಇಲಿಗೆ ಗೊತ್ತಿಲ್ಲ. ಪರಿಹಾರ ಏನೂ ದೊಡ್ಡದಲ್ಲ. ಅರ್ಥಿಂಗ್ ಪರೀಕ್ಷಿಸಿ, ಎಲ್ಲ ಉಪಕರಣ ಒಂದೇ ಬೋರ್ಡಿನಿಂದ ತೆಗೆಯಿರಿ, ದಾಖಲಿಸುವ ಮೊದಲೇ ಗದ್ದಲ ತಡೆಯುವ ಫಿಲ್ಟರ್ ಹಾಕಿ. ದಾಖಲಾದ ಮೇಲೆ ಫಿಲ್ಟರ್ ಹಾಕಿದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಅದು ಅಲೆಯೇ ಆಗಿಬಿಟ್ಟಿರುತ್ತದೆ.

ಈ ಮೂರನ್ನೂ ತೆಗೆದುಹಾಕಿದ ಮೇಲೆ ಉಳಿದದ್ದನ್ನು ಮಾತ್ರ ಇಲಿಯ ಹೆಸರಿಗೆ ಬರೆಯಿರಿ.

ತಕ್ಕಡಿಯ ತಕರಾರು

ಹನಿಯನ್ನು ನಂಬಿ ಅಂದೆ. ಆದರೆ ಹನಿ ತೂಗುವ ತಕ್ಕಡಿಗೂ ತನ್ನದೇ ಚಾಳಿ ಇದೆ. ಅನೇಕ ಎಲೆಕ್ಟ್ರಾನಿಕ್ ತಕ್ಕಡಿಗಳು ಸೊನ್ನೆಯ ಹತ್ತಿರ ಇದ್ದಾಗ ಸಣ್ಣ, ನಿಧಾನದ ಬದಲಾವಣೆಯನ್ನು ದೂಳು ಅಂದುಕೊಂಡು ತಾವೇ ಮತ್ತೆ ಸೊನ್ನೆ ಮಾಡಿಕೊಳ್ಳುತ್ತವೆ. ಅಂಗಡಿಗೆ ಅದು ಒಳ್ಳೆಯದು. ನಮಗೆ ಇಲಿಯ ಸಣ್ಣ ಹನಿಗಳೇ ನಾಪತ್ತೆ. ಸೆಟ್ಟಿಂಗ್‌ನಲ್ಲಿ ಆ ಸೌಲಭ್ಯ ಆಫ್ ಮಾಡಿ. ಆಫ್ ಮಾಡಲು ಬರದಿದ್ದರೆ ತಟ್ಟೆಯ ಮೇಲೆ 50 ಗ್ರಾಂ ತೂಕದ ಕಲ್ಲು ಇಟ್ಟು, ಸೊನ್ನೆ ಮಾಡದೆ, ಅಲ್ಲಿಂದ ಮೇಲೆ ಅಳೆಯಿರಿ.

ಫ್ಯಾನ್ ಗಾಳಿ ತಕ್ಕಡಿಗೆ ಬಡಿಯದಿರಲಿ. ಹನಿ ಹಿಡಿಯಲು ಕಾಗದದ ಕಪ್ ಬೇಡ. ಜುಲೈ ತಿಂಗಳಲ್ಲಿ ಅದು ಕೂತಲ್ಲೇ ತೇವ ಎಳೆದುಕೊಂಡು ತೂಕ ಏರುತ್ತದೆ, ಇಲಿ ಏನೂ ಮಾಡದಿದ್ದರೂ. ಗಾಜು ಅಥವಾ ಪ್ಲಾಸ್ಟಿಕ್ ಇರಲಿ. ಮಾರ್ಚ್, ಏಪ್ರಿಲ್‌ನಲ್ಲಿ ಇದರ ಉಲ್ಟಾ, ಬಿದ್ದ ಹನಿ ಆರಿ ತೂಕ ಇಳಿಯುತ್ತದೆ. ಕಪ್ಪಿನ ತಳದಲ್ಲಿ ತೆಳ್ಳಗೆ ಲಿಕ್ವಿಡ್ ಪ್ಯಾರಾಫಿನ್ ಹಾಕಿದರೆ ಹನಿ ಅದರ ಕೆಳಗೆ ಇಳಿದು ಆರುವುದಿಲ್ಲ.

ಬೇಗ ಬೇಗ, ಸ್ವಲ್ಪ ಸ್ವಲ್ಪ

ನಿಮಿಷಕ್ಕೊಮ್ಮೆ ಹೊಯ್ಯುವ ಇಲಿ ಎಲ್ಲರಿಗೂ ಸಿಗುತ್ತದೆ. ಸರ್ಜರಿಯಾಗಿ ಎಷ್ಟು ದಿನವಾಯಿತು ನೋಡಿ, ಬೇಗ ಶುರು ಮಾಡಿದರೆ ಮೂತ್ರಕೋಶ ಇನ್ನೂ ಉರಿಯುತ್ತಿರುತ್ತದೆ. ಸೋಂಕು ಇದೆಯಾ ನೋಡಿ, ಮೂತ್ರ ಮಬ್ಬಾಗಿದ್ದರೆ ಕಲ್ಚರ್‌ಗೆ ಕಳಿಸಿ. ನಳಿಕೆ ಒಳಗೆ ಉದ್ದವಾಗಿ ಇಳಿದು ಗೋಡೆ ಕೆರೆಯುತ್ತಿರಬಹುದು. ಸಲೈನ್ ತಣ್ಣಗಿರಬಹುದು, ತಂಪು ಮೂತ್ರಕೋಶದ ನರಗಳನ್ನು ಕೆಣಕುತ್ತದೆ. ಪಂಪಿನ ವೇಗವೂ ಲೆಕ್ಕಕ್ಕೆ ಬರುತ್ತದೆ. 20 ಅಂದರೆ ಇಲಿಯ ಕಿಡ್ನಿ ಕೊಡುವುದಕ್ಕಿಂತ ಹೆಚ್ಚುಕಮ್ಮಿ 20 ಪಟ್ಟು ವೇಗ ಅನ್ನುವುದು ಮರೆಯಬೇಡಿ. 10ಕ್ಕೆ ಇಳಿಸಿ ನೋಡಿ.

ನಳಿಕೆ ಹಾಕಿದ್ದೇ ಕಾರಣವಾ, ಇಲಿಯೇ ಹಾಗಾ ಅಂತ ತಿಳಿಯಲು ಸರ್ಜರಿಗೆ ಮೊದಲೇ ಕಾಗದದ ಪರೀಕ್ಷೆ ಮಾಡಿಟ್ಟಿರಬೇಕು. ಪಂಜರದ ತಳಕ್ಕೆ ಫಿಲ್ಟರ್ ಪೇಪರ್ ಹಾಸಿ, ಇಲಿಯನ್ನು ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು, ಆಮೇಲೆ ಕಾಗದವನ್ನು ಯುವಿ ಬೆಳಕಿನಲ್ಲಿ ನೋಡಿದರೆ ಮೂತ್ರದ ಕಲೆಗಳು ಹೊಳೆಯುತ್ತವೆ. ಜೆರಾಕ್ಸ್ ಕಾಗದ ಬಳಸಬೇಡಿ, ಬೆಳ್ಳಗೆ ಕಾಣಲು ಹಾಕಿದ ರಾಸಾಯನಿಕಕ್ಕೆ ಇಡೀ ಹಾಳೆಯೇ ಹೊಳೆಯುತ್ತದೆ. 10, 50, 100 ಮೈಕ್ರೋಲೀಟರ್ ಹನಿಗಳನ್ನು ನೀವೇ ಹಾಕಿ ಕಲೆಯ ಅಗಲ ಅಳೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ತೇವದ ಕಾಗದದ ಮೇಲೆ ಕಲೆ ಹರಡುವ ರೀತಿ ಬೇರೆ. ಬೇಸಿಗೆಯ ಲೆಕ್ಕ ಆಗ ನಡೆಯದು. ಕಾಗದವನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಹೊಯ್ಯಲು ಒಪ್ಪದ ಇಲಿ

ನಳಿಕೆ ಸರಿಯಿದೆ, ಮುಳ್ಳುಗಳು ಕಾಣುತ್ತಿವೆ, ಒತ್ತಡ ನಿಧಾನ ಏರುತ್ತಿದೆ, ಆದರೂ ಹೊಯ್ಯುತ್ತಿಲ್ಲ. ಈಗ ಇಲಿಯ ಸರದಿ. ನೋವಿಗೆ ಬುಪ್ರೆನಾರ್ಫಿನ್ ಕೊಟ್ಟಿದ್ದೀರಾ? ಅಫೀಮಿನ ಜಾತಿಯ ಔಷಧಿ ಮೂತ್ರ ಕಟ್ಟುತ್ತದೆ. ನೋವು ನಿವಾರಣೆ ತಪ್ಪಿಸಬಾರದು, ಆದರೆ ಅದರ ಪರಿಣಾಮ ಇಳಿದ ಮೇಲೆಯೇ ರೆಕಾರ್ಡಿಂಗ್ ಇಟ್ಟುಕೊಳ್ಳಿ.

ಇನ್ನು ಹೆದರಿಕೆ. ಹೆದರಿದ ಇಲಿ ಹಿಡಿದಿಟ್ಟುಕೊಳ್ಳುತ್ತದೆ. ಬಾಲ ಹಿಡಿದು ಎತ್ತುವುದು ಬಿಟ್ಟು ಕೊಳವೆಯೊಳಗೆ ಹತ್ತಿಸಿ ಎತ್ತಿ. ರೆಕಾರ್ಡಿಂಗ್ ಪಂಜರವನ್ನು ಮೊದಲೇ ಅಭ್ಯಾಸ ಮಾಡಿಸಿ. ಜೋಡಿಸಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಗೆರೆ ಒಂದೇ ರೀತಿ ಬಂದ ಮೇಲಿನ ಸುತ್ತುಗಳನ್ನು (ಒಮ್ಮೆ ತುಂಬಿ ಹೊಯ್ದರೆ ಒಂದು ಸುತ್ತು) ಮಾತ್ರ ಎಣಿಸಿ. ಶೀಟಿನ ಮಾಡಿನ ಮೇಲೆ ಜಡಿಮಳೆ ಬೀಳುವ ಸದ್ದು ನಮಗೆ ಜೋಗುಳ ಇರಬಹುದು, ಇಲಿಗೆ ಹಾಗಲ್ಲ. ಸಾಧ್ಯವಾದರೆ ಒಳಕೋಣೆಗೆ ಸ್ಥಳಾಂತರಿಸಿ. ಮಳೆಗಾಲದಲ್ಲಿ ಹೊರಗಿನ ಹೆಗ್ಗಣ, ಇಲಿಗಳು ಕಟ್ಟಡದೊಳಗೆ ಬರುತ್ತವೆ. ಹೆಗ್ಗಣದ ವಾಸನೆಯೇ ನಮ್ಮ ಸಣ್ಣ ಇಲಿಗಳಿಗೆ ಹೆದರಲು ಸಾಕು. ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಕೂಡ ಈ ಹೊರಗಿನ ಹೆಗ್ಗಣ, ಇಲಿಗಳ ಮೂತ್ರದಲ್ಲೇ ಬರುತ್ತದೆ. ಬಾಗಿಲ ಸಂದಿ ಮುಚ್ಚಿಸಿ, ಗ್ಲೌಸ್ ಹಾಕದೆ ಟ್ರೇ ಮುಟ್ಟಬೇಡಿ.

ದೋಷವೇ ಅಲ್ಲದಿರಬಹುದು

ಸಕ್ಕರೆ ಕಾಯಿಲೆ ಬರಿಸಿದ ಇಲಿಯ ಮೂತ್ರಕೋಶ ದೊಡ್ಡದಾಗಿರುತ್ತದೆ, ಸುತ್ತು ಉದ್ದ ಬರುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ಮೂತ್ರಕೋಶ ಹಿಗ್ಗಿದ್ದನ್ನು ತಿಳಿಯುವ ಪೀಜೊ2 ಅನ್ನುವ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕೂಡ ತುಂಬುವ ಲೆಕ್ಕವೇ ಬೇರೆ. ಪೀಜೊ ಪ್ರೋಟೀನ್‌ಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೊತ್ತು ಕೂಡ ಮುಖ್ಯ. ಇಲಿ ರಾತ್ರಿಯ ಪ್ರಾಣಿ, ಹಗಲು ಮಲಗುವ ಹೊತ್ತಿನಲ್ಲಿ ಜಾಸ್ತಿ ಹಿಡಿದಿಟ್ಟುಕೊಂಡು ಅಪರೂಪಕ್ಕೆ ಹೊಯ್ಯುತ್ತದೆ. ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಅಳೆದರೆ ವ್ಯತ್ಯಾಸ ಬಂದೇ ಬರುತ್ತದೆ.

ಏನು ಮಾಡಿದರೂ ಲೆಕ್ಕ ತಾಳೆಯಾಗದ ಇಲಿ ಕೆಲವು ಉಳಿಯುತ್ತವೆ. ಪ್ರಯೋಗದ ಕೊನೆಯಲ್ಲಿ, ಒಪ್ಪಿಗೆ ಪಡೆದ ರೀತಿಯಲ್ಲಿ ದಯಾಮರಣ ಕೊಟ್ಟ ಮೇಲೆ, ಅದೇ ನಳಿಕೆಯಲ್ಲಿ ಸ್ವಲ್ಪ ಮೀಥಿಲೀನ್ ಬ್ಲೂ ಬಿಟ್ಟು ಹೊಟ್ಟೆ ತೆರೆದು ನೋಡಿ. ಬಣ್ಣ ಮೂತ್ರಕೋಶದೊಳಗೇ ನಿಂತಿದೆಯಾ, ಹೊಲಿಗೆಯ ಬುಡದಿಂದ ಹರಡಿದೆಯಾ? ನಳಿಕೆಯ ತುದಿಯಲ್ಲಿ ಮರಳಿನಂಥ ಕಲ್ಲು ಕಟ್ಟಿದೆಯಾ? ಗೋಡೆ ದಪ್ಪವಾಗಿದೆಯಾ? ಕಂಡದ್ದನ್ನು ಫೋಟೋ ಸಮೇತ ಆ ಇಲಿಯ ಹಾಳೆಗೆ ಸೇರಿಸಿ. ಬಣ್ಣ ಹೊರಗೆ ಕಂಡರೆ, ತಕ್ಕಡಿಯ ಲೆಕ್ಕ ಮೊದಲ ಸಲ ತಪ್ಪಿದ ದಿನಕ್ಕೆ ಹಿಂದೆ ಹೋಗಿ, ಅಲ್ಲಿಂದ ಮುಂದಿನ ರೆಕಾರ್ಡಿಂಗ್‌ಗಳನ್ನೆಲ್ಲ ವಿಶ್ಲೇಷಣೆಯಿಂದ ತೆಗೆದುಬಿಡಿ.